ಜೇನಿಗೆ ಅಚ್ಚು ಬೇಡ, ಆಸರೆ ಸಾಕು

ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀವಿ. ಕಳೆದ ಏಪ್ರಿಲ್‌ನಲ್ಲಿ ನಾವು ಮೂವರು ಸೇರಿ ಒಂದು ಜೇನಿನ ಎರಿಯನ್ನು ನೆಲಕ್ಕೆ ಕೆಡವಿದೆವು. ಎರಿ ಅಂದರೆ ಗೂಡಿನೊಳಗೆ ಜೇನುನೊಣಗಳು ಕಟ್ಟುವ ಮೇಣದ ಹಲಗೆ. ಅದರಲ್ಲಿ ತುಪ್ಪ ಇತ್ತು, ಪರಾಗ ಇತ್ತು, ಅರ್ಧದಷ್ಟು ಮರಿಗಳೂ ಇದ್ದವು. ಬಿದ್ದ ಸದ್ದು ದೊಡ್ಡದೇನಲ್ಲ, ಒದ್ದೆ ಟವೆಲ್ ಕೈ ಜಾರಿ ಬಿದ್ದ ಹಾಗೆ. ಆಮೇಲೆ ಕಪ್ಪು ಮಣ್ಣಿನ ಮೇಲೆ ಬಿಳಿ ಹುಳುಗಳು ಒದ್ದಾಡುವುದನ್ನು ನೋಡುತ್ತಾ ನಿಂತೆವು. ಪ್ರಾಜೆಕ್ಟ್ ರಿಪೋರ್ಟಿಗೆ ಒಂದು ಫೋಟೋ ಬೇಕಿತ್ತು, ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ನಾವು ಯಾರು ಅಂತ ಹೇಳಬೇಕಲ್ಲ. ಒಬ್ಬರ ಮನೆ ಬೀದರಿನ ಹಳೇ ಊರಲ್ಲಿ ಚೌಬಾರಾ ಹತ್ತಿರ, ಒಬ್ಬ ಭಾಲ್ಕಿಯವ, ಒಬ್ಬ ಔರಾದ ಕಡೆಯವ. ಮೂವರೂ ಸೆಕೆಂಡ್ ಇಯರ್, ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನದಲ್ಲಿ ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿರಲಿ ಎಂದು ನಂಬಿ ಬರೆಯುತ್ತಿದ್ದೇವೆ.

ಮಿನಿ ಪ್ರಾಜೆಕ್ಟಿಗೆ ಆರಿಸಿಕೊಂಡ ವಿಷಯ 'ಸ್ಮಾರ್ಟ್ ಜೇನುಪೆಟ್ಟಿಗೆ'. ಒಳಗೊಂದು ಟೆಂಪರೇಚರ್ ಸೆನ್ಸರ್, ಕೆಳಗೊಂದು ಲೋಡ್ ಸೆಲ್, ಮೊಬೈಲಿಗೆ ಮೆಸೇಜ್. ಈಗ ಯಾವ ಕಾಲೇಜಿನ ಎಕ್ಸಿಬಿಷನ್‌ಗೆ ಹೋದರೂ ಇಂಥದ್ದು ಎರಡಾದರೂ ಸಿಗುತ್ತವೆ. ಔರಾದಿನ ಗೆಳೆಯನ ಕಾಕಾ ಹೊಲದ ಬದುವಿನ ಮೇಲೆ ನಾಲ್ಕು ಮೆಲ್ಲಿಫೆರಾ ಪೆಟ್ಟಿಗೆ ಇಟ್ಟಿದ್ದಾರೆ. ಸೆನ್ಸರ್ ಅಂಟಿಸೋಕೆ ಅಂತ ಹೋದೆವು. ಮಧ್ಯಾಹ್ನ ಎರಡು ಗಂಟೆ. ಬೀದರ್ ಜಿಲ್ಲೆಯ ಏಪ್ರಿಲ್ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಒಂದು ಫ್ರೇಮ್ ಎತ್ತಿದೆವು. ಎರಿ ಬೆಳ್ಳಗೆ ಚೆಂದ ಇತ್ತು. ಫೋಟೋದಲ್ಲಿ ಪೂರ್ತಿ ಕಾಣಲಿ ಅಂತ ಅಡ್ಡಡ್ಡ ಮಲಗಿಸಿ ಹಿಡಿದೆವು. ಕ್ಯಾಮೆರಾ ಫೋಕಸ್ ಆಗುವ ಮೊದಲೇ ಕೈಯಲ್ಲಿ ಖಾಲಿ ಕಟ್ಟಿಗೆಯ ಚೌಕಟ್ಟು ಮಾತ್ರ ಉಳಿದಿತ್ತು.

ಕಾಕಾ ಬೈಯಲಿಲ್ಲ. "ಏ ತಮ್ಮಾ, ಅದೇನ್ ಊಟದ ತಾಟ್ ಅದನೋ ಹಂಗ್ ಮಲಗಿಸಿ ಹಿಡಿಲಿಕ್ಕ? ಮೊದಲ ಪೆಟಗಿ ಮುಚ್ರಿ, ಬಿಸಲ ಅದ" ಅಂದರು. ಆಮೇಲೆ ಬಿದ್ದ ಎರಿಯಲ್ಲಿ ಮರಿ ಇದ್ದ ಭಾಗವನ್ನು ಚಾಕುವಿನಿಂದ ನೇರ ಕೊಯ್ದು, ಅದೇ ಚೌಕಟ್ಟಿನಲ್ಲಿ ಮೇಲಿನ ಪಟ್ಟಿಗೆ ತಾಗುವಂತೆ ಕೂರಿಸಿ, ಚೀಲ ಹೊಲಿಯುವ ದಾರದಿಂದ ಸುತ್ತು ಹಾಕಿ ಕಟ್ಟಿದರು. ಒಂದು ವಾರ ಬಿಟ್ಟು ಹೋಗಿ ನೋಡಿದರೆ ನೊಣಗಳು ಎರಿಯನ್ನು ಮೇಲಿನ ಪಟ್ಟಿಗೆ ಮೇಣದಿಂದ ಬೆಸೆದುಬಿಟ್ಟಿದ್ದವು. ನಮ್ಮ ದಾರವನ್ನು ಕಚ್ಚಿ ಕಚ್ಚಿ ಎಳೆ ಬಿಡಿಸಿ ಬಾಗಿಲ ಹೊರಗೆ ಎಸೆದಿದ್ದವು. ನಮ್ಮ ಉಪಕಾರ ಮುಗಿಯಿತು ಅನ್ನೋ ಥರ. ಅಷ್ಟಾದರೂ ಎಲ್ಲ ಮರಿಗಳು ಉಳಿಯಲಿಲ್ಲ.

ಆ ಎರಿ ಮಾತ್ರ ಯಾಕೆ ಬಿತ್ತು? ಅದೇ ಪೆಟ್ಟಿಗೆಯ ಬೇರೆ ಫ್ರೇಮುಗಳನ್ನು ನಾವು ಅಷ್ಟೇ ಕೆಟ್ಟದಾಗಿ ಹಿಡಿದಿದ್ದೆವು, ಅವು ಬೀಳಲಿಲ್ಲ. ಉತ್ತರ ಸರಳ. ಉಳಿದ ಫ್ರೇಮುಗಳಲ್ಲಿ ಮೇಣದ ಹಾಳೆ ಇತ್ತು, ಹಾಳೆಯೊಳಗೆ ತಂತಿ ಇತ್ತು. ಇದರಲ್ಲಿ ಎರಡೂ ಇರಲಿಲ್ಲ. ಹಾಳೆ ಖಾಲಿಯಾಗಿತ್ತು, ಬೇವು ಹೊಂಗೆ ಹೂ ಬಿಡೋ ಹೊತ್ತಿಗೆ ಜಾಗ ಸಾಲದೆ ಹೋದೀತು ಅಂತ ಕಾಕಾ ಬರಿ ಚೌಕಟ್ಟನ್ನೇ ಇಟ್ಟಿದ್ದರು. ನೊಣಗಳು ತಮ್ಮ ಪಾಡಿಗೆ ತಾವು ಕಟ್ಟಿಕೊಂಡಿದ್ದವು.

ಮೇಣದ ಹಾಳೆ ಗೊತ್ತಿಲ್ಲದವರಿಗೆ: ತೆಳುವಾದ ಮೇಣದ ಶೀಟಿನ ಎರಡೂ ಬದಿಗೆ ಷಟ್ಕೋನದ ಅಚ್ಚು ಒತ್ತಿರುತ್ತಾರೆ. ಅದನ್ನು ಚೌಕಟ್ಟಿನಲ್ಲಿ ಕೂರಿಸಿದರೆ ನೊಣಗಳು ಆ ಗೆರೆಗಳ ಮೇಲೆಯೇ ಗೋಡೆ ಎಬ್ಬಿಸುತ್ತವೆ. ಅಮೆರಿಕದ ಲಾಂಗ್‌ಸ್ಟ್ರಾತ್ 1851ರಲ್ಲಿ ಬೀ ಸ್ಪೇಸ್ ಅನ್ನುವ ಸೂತ್ರ ಹಿಡಿದ. ಎರಿಗಳ ನಡುವೆ, ಗೋಡೆಯ ಪಕ್ಕ ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಸಂದು ಬಿಟ್ಟರೆ ನೊಣಗಳು ಅದನ್ನು ಓಡಾಡುವ ದಾರಿ ಅಂತ ಬಿಟ್ಟುಕೊಡುತ್ತವೆ, ಮೇಣ ತುಂಬುವುದಿಲ್ಲ. ಎತ್ತಿ ಇಡುವ ಫ್ರೇಮು ಹುಟ್ಟಿದ್ದು ಅಲ್ಲಿಂದ. 1857ರಲ್ಲಿ ಜರ್ಮನಿಯ ಮೆಹ್ರಿಂಗ್ ಮೇಣದ ಹಾಳೆ ಒತ್ತುವ ಅಚ್ಚು ಮಾಡಿದ, 1865ರಲ್ಲಿ ಹ್ರುಷ್ಕಾ ತಿರುಗಿಸಿ ತುಪ್ಪ ತೆಗೆಯುವ ಯಂತ್ರ ಮಾಡಿದ. ಅಂದರೆ ಹಾಳೆ ಇಲ್ಲದ ಫ್ರೇಮು ಯಾರೋ ಯೂಟ್ಯೂಬಿನಲ್ಲಿ ಕಂಡುಹಿಡಿದದ್ದಲ್ಲ. ಮೊದಲು ಇದ್ದದ್ದೇ ಅದು.

ಎರಿ ಬಿದ್ದ ಮೇಲೆ ನಮ್ಮೊಳಗೆ ಜಗಳ ಆಯಿತು. ಒಬ್ಬರು "ಹಾಳೆ ಹಾಕಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ" ಅಂದರು. ಇನ್ನೊಬ್ಬ "ನಮ್ಮ ಕಾಲೇಜಿನ ನೀರಿನ ಟ್ಯಾಂಕಿನ ಕೆಳಗಿನ ಹೆಜ್ಜೇನಿಗೆ ಯಾರು ಹಾಳೆ ಹಾಕಿದಾರೆ? ಹೆಚ್ಚುಕಡಿಮೆ ಒಂದು ಮೀಟರ್ ಅಗಲದ ಎರಿ, ಬಯಲಲ್ಲಿ, ಗಾಳಿಗೆ, ಬಿಸಿಲಿಗೆ ಹಾಗೇ ನೇತಾಡ್ತಿದೆ" ಅಂದ. ಇಬ್ಬರದೂ ಅರ್ಧ ಸರಿ. ಇಲ್ಲಿ ಎರಡು ಬೇರೆ ಕೆಲಸಗಳಿವೆ, ನಾವು ಅವನ್ನು ಒಂದೇ ಅಂದುಕೊಂಡಿದ್ದೇವೆ. ಒಂದು, ಕೋಶದ ಅಳತೆ ಎಷ್ಟಿರಬೇಕು ಅಂತ ನೊಣಕ್ಕೆ ಹೇಳಿಕೊಡುವುದು. ಇನ್ನೊಂದು, ಕಟ್ಟಿದ್ದು ಬೀಳದ ಹಾಗೆ ಹಿಡಿಯುವುದು. ಮೊದಲನೆಯದು ಅಚ್ಚಿನ ಕೆಲಸ, ಎರಡನೆಯದು ತಂತಿಯ ಕೆಲಸ. ಅಚ್ಚು ತೆಗೆದ ಕೂಡಲೇ ತಂತಿಯನ್ನೂ ತೆಗೆಯಬೇಕು ಅಂತ ಎಲ್ಲೂ ಬರೆದಿಲ್ಲ. ಸಂಸಾರ ಕೋಣೆಯಲ್ಲಿ, ಅಂದರೆ ರಾಣಿ ಮೊಟ್ಟೆ ಇಡುವ ಕೆಳಗಿನ ಅಂತಸ್ತಿನಲ್ಲಿ, ಅಚ್ಚು ಕಡಿಮೆ ಮಾಡಿ ಆಸರೆ ಹೆಚ್ಚು ಮಾಡಬೇಕು ಅನ್ನುವುದು ನಮ್ಮ ವಾದ. ಅದೂ ಬೀದರಿನಂಥ ಊರಲ್ಲಿ.

ಇದನ್ನು ಲೆಕ್ಕ ಹಾಕಿ ನೋಡೋಣ. ಜೇನಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಅಳತೆ ಇದೆ: 37 ಸೆಂಮೀ ಅಗಲ, 22.5 ಸೆಂಮೀ ಎತ್ತರದ ಎರಿಗೆ ಬೇಕಾಗುವ ಮೇಣ ಸುಮಾರು 40 ಗ್ರಾಂ, ಅದು ಹೊರುವ ತುಪ್ಪ 1.8 ಕಿಲೋ. ತನ್ನ ತೂಕದ 45 ಪಟ್ಟು! ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಒಟ್ಟು ಭಾರ 18 ನ್ಯೂಟನ್ ಅಂತ ಇಟ್ಟುಕೊಳ್ಳಿ. ಎರಿ ನೆಟ್ಟಗೆ ನೇತಾಡುತ್ತಿರುವಾಗ ಈ 18 ನ್ಯೂಟನ್ ಮೇಲಿನ ಅಂಚಿನ ಉದ್ದಕ್ಕೂ ಹಂಚಿಹೋಗುತ್ತದೆ. ಬರೀ ಎಳೆತ, ಬಾಗುವ ಪ್ರಶ್ನೆಯೇ ಇಲ್ಲ. ಅದನ್ನೇ ಮಲಗಿಸಿ ಹಿಡಿದರೆ? ಮೇಲಿನ ಪಟ್ಟಿಗೆ ಮಾತ್ರ ಅಂಟಿದ ಎರಿ ಕ್ಯಾಂಟಿಲೀವರ್ ಆಗುತ್ತದೆ. ಭಾರದ ಕೇಂದ್ರ 11.25 ಸೆಂಮೀ ದೂರದಲ್ಲಿ, ಬೆಂಡಿಂಗ್ ಮೊಮೆಂಟ್ ಸುಮಾರು 2 ನ್ಯೂಟನ್-ಮೀಟರ್. ಎರಿಯ ದಪ್ಪ 2.5 ಸೆಂಮೀ. ಗಟ್ಟಿ ಹಲಗೆ ಅಂತಲೇ ಭಾವಿಸಿ ಲೆಕ್ಕ ಮಾಡಿದರೂ ಅಂಚಿನಲ್ಲಿ ಬೀಳುವ ಎಳೆತದ ಒತ್ತಡ ನೆಟ್ಟಗಿದ್ದಾಗಿನ ಒತ್ತಡದ 27 ಪಟ್ಟು. ಸೂತ್ರ ಬೇಕಾದರೆ: ಎತ್ತರವನ್ನು ಮೂರರಿಂದ ಗುಣಿಸಿ ದಪ್ಪದಿಂದ ಭಾಗಿಸಿ. ಥರ್ಡ್ ಸೆಮ್‌ನಲ್ಲಿ ಇದನ್ನು ಹತ್ತು ಮಾರ್ಕಿಗೆ ಬಿಡಿಸಿದವರು ನಾವೇ. ಕೈಯಲ್ಲಿ ಫ್ರೇಮ್ ಹಿಡಿದಾಗ ನೆನಪಾಗಲಿಲ್ಲ.

ಮೇಲೆ ಬಿಸಿಲು ಬೇರೆ. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ, ಸರಿ. ಆದರೆ ಅದಕ್ಕೆ ಬಹಳ ಮೊದಲೇ, 40ರ ಹತ್ತಿರ ಬಂದಾಗಲೇ, ಕೈಯಲ್ಲಿ ಹಿಸುಕುವಷ್ಟು ಮೆತ್ತಗಾಗುತ್ತದೆ. ಒಳಗೆ ನೊಣಗಳು ನೀರು ತಂದು ರೆಕ್ಕೆ ಬೀಸಿ ಮರಿ ಇರುವ ಜಾಗವನ್ನು 35 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಂಡಿರುತ್ತವೆ. ನಾವು ಮುಚ್ಚಳ ತೆಗೆದು ಫ್ರೇಮ್ ಬಿಸಿಲಿಗೆ ಹಿಡಿದ ಕ್ಷಣ ಆ ಕೂಲರ್ ಆಫ್. ಹೊಸ ಎರಿಯಾದರೆ ಇನ್ನೂ ಕಷ್ಟ. ಬೀದರಿನವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಜಂಬಿಟ್ಟಿಗೆ ಕಲ್ಲನ್ನು ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದು ದಿನ ಕಳೆದ ಹಾಗೆ ಗಟ್ಟಿಯಾಗುತ್ತೆ. ಎರಿಯೂ ಹಾಗೆಯೇ. ಒಂದೊಂದು ತಲೆಮಾರಿನ ಮರಿ ಬೆಳೆದು ಹೊರಬಂದಾಗಲೂ ಕೋಶದೊಳಗೆ ರೇಷ್ಮೆಯ ಪೊರೆ ಉಳಿದು ಗೋಡೆ ಗಟ್ಟಿಯಾಗುತ್ತದೆ, ಬಣ್ಣ ಕಂದಾಗುತ್ತದೆ. ಬೆಳ್ಳಗಿನ ಎರಿ ಅಂದರೆ ಕ್ಯೂರಿಂಗ್ ಆಗದ ಸ್ಲ್ಯಾಬು. ಸೆಂಟ್ರಿಂಗ್ ಬಿಚ್ಚಿದವರು ನಾವು.

ಕರ್ನಾಟಕದಲ್ಲಿ ಜೇನು ಅಂದ ಕೂಡಲೇ ಎಲ್ಲರ ಬಾಯಲ್ಲಿ ಕೊಡಗು, ಪುತ್ತೂರು, ಶಿರಸಿ. ತಪ್ಪಲ್ಲ, ವಿರಾಜಪೇಟೆ, ಪುತ್ತೂರಿನ ಜೇನು ಸಹಕಾರ ಸಂಘಗಳು ಸ್ವಾತಂತ್ರ್ಯಕ್ಕೂ ಮೊದಲಿನವು. ಆದರೆ ಆ ಕಡೆಯ ಪುಸ್ತಕಗಳು ಬರೆದಿರುವುದು ಮಳೆಯ ನಾಡಿನ ಕಷ್ಟ: ತೇವ, ಇರುವೆ, ಮಳೆಗಾಲದ ಹಸಿವು. ಎರೆಮಣ್ಣು, ಬಿರುಬಿಸಿಲು, ತೊಗರಿ, ಕುಸುಬೆ, ಗುರೆಳ್ಳು, ಸೂರ್ಯಕಾಂತಿ ಇರುವ ನಾಡಿನ ಪುಸ್ತಕ ನಮ್ಮ ಕೈಗೆ ಸಿಕ್ಕಿಲ್ಲ. ನಮ್ಮಲ್ಲಿ ಪೆಟ್ಟಿಗೆ ಇಡುವ ರೈತನಿಗೆ ತುಪ್ಪ ಒಂದೇ ಲಾಭವಲ್ಲ. ಸೂರ್ಯಕಾಂತಿ, ಗುರೆಳ್ಳಿಗೆ ಜೇನು ಬಂದರೆ ಕಾಳು ಕಟ್ಟುವುದು ಹೆಚ್ಚು. ಹಾಗಾಗಿ ಪೆಟ್ಟಿಗೆಯ ಕುಟುಂಬ ಬೇಸಿಗೆ ದಾಟಿ ಬದುಕಿ ಉಳಿಯುವುದೇ ಇಲ್ಲಿ ಮೊದಲ ಗುರಿ.

ಹಾಗಾದರೆ ಎಲ್ಲಕ್ಕೂ ಹಾಳೆಯನ್ನೇ ಹಾಕಬಹುದಲ್ಲ, ತೊಂದರೆ ಏನು? ಕಾಕಾಗೆ ಆದದ್ದು ಕೇಳಿ. ಹಾಳೆ ಇಲ್ಲಿ ಸಿಗಲಿಲ್ಲ, ಹೊರಗಿಂದ ತರಿಸಿದರು. ಪಾರ್ಸೆಲ್ ಬಿಸಿಲಲ್ಲಿ ಬಂದು ಹಾಳೆಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಆ ಮೇಣ ಶುದ್ಧವೋ, ಪ್ಯಾರಾಫಿನ್ ಬೆರೆತದ್ದೋ ಕಣ್ಣಿಗೆ ತಿಳಿಯುವುದಿಲ್ಲ. ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. 2016ರ ಸುಮಾರಿಗೆ ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿ ಸ್ಟಿಯರಿನ್ ಬೆರೆಸಿದ ಹಾಳೆಗಳಿಂದ ಮರಿಗಳು ಕೋಶದಲ್ಲೇ ಸತ್ತು ದೊಡ್ಡ ಗಲಾಟೆಯಾಯಿತು. ಇನ್ನೊಂದು ವಿಷಯ, ಮೇಣ ಎಣ್ಣೆಯಲ್ಲಿ ಕರಗುವ ಔಷಧಿಗಳನ್ನು ಹೀರಿಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ತೊಗರಿ ಹೂವಿದ್ದಾಗಲೇ ಕಾಯಿಕೊರಕಕ್ಕೆ ಔಷಧ ಹೊಡೆಯುತ್ತಾರೆ. ಹಳೆ ಮೇಣ ಕರಗಿಸಿ ಮಾಡಿದ ಹಾಳೆಯಲ್ಲಿ ಯಾರ ಹೊಲದ ಔಷಧ ಇದೆಯೋ ಯಾರು ಬಲ್ಲರು? ನೊಣ ತಾನೇ ಸುರಿಸಿ ಕಟ್ಟಿದ ಮೇಣ ಕೊನೇಪಕ್ಷ ಹೊಸದಾಗಿರುತ್ತದೆ. ಮತ್ತೆ, ಮೆಲ್ಲಿಫೆರಾಕ್ಕೆ ಒತ್ತಿದ ಹಾಳೆ ನಮ್ಮ ತುಡುವೆ ಜೇನಿಗೆ ಆಗುವುದಿಲ್ಲ, ತುಡುವೆಯ ಕೋಶ ಚಿಕ್ಕದು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹಾಳೆ ಕೊಟ್ಟರೆ ರೈತ ಏನು ಮಾಡಬೇಕು?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಎದುರು ಪಕ್ಷದ ಮಾತೂ ಗಟ್ಟಿಯಾಗಿದೆ. ಸ್ವತಂತ್ರವಾಗಿ ಬಿಟ್ಟರೆ ನೊಣಗಳು ಗಂಡು ಜೇನಿನ ದೊಡ್ಡ ಕೋಶಗಳನ್ನೂ ಸಾಕಷ್ಟು ಕಟ್ಟುತ್ತವೆ, ಸುಮಾರು ಆರರಲ್ಲೊಂದು ಪಾಲು. ಗಂಡು ಜೇನು ಹೂವಿಗೆ ಹೋಗುವುದಿಲ್ಲ, ಮನೆಯಲ್ಲಿ ಕೂತು ಉಣ್ಣುತ್ತದೆ. ಹಾಸ್ಟೆಲಿನ ಗೆಳೆಯರು ಇಲ್ಲಿ ಯಾರನ್ನೂ ನೆನೆಸಿಕೊಳ್ಳಬೇಡಿ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಂಡು ಕೋಶದ ಎರಿ ಕೊಟ್ಟ ಕುಟುಂಬಗಳು ಕೊಡದವುಗಳ ಅರ್ಧದಷ್ಟೇ ತುಪ್ಪ ಕೂಡಿಟ್ಟವು. ಮೇಣ ಸುರಿಸಲು ಖರ್ಚೂ ಆಗುತ್ತದೆ, ಒಂದು ಕಿಲೋ ಮೇಣಕ್ಕೆ ಆರರಿಂದ ಎಂಟು ಕಿಲೋ ತುಪ್ಪ ಅನ್ನುವ ಲೆಕ್ಕ ಪುಸ್ತಕಗಳಲ್ಲಿದೆ. ಹಾಳೆ ಇಲ್ಲದೆ ಕಟ್ಟಿದ ಸಣ್ಣ ಕೋಶದಲ್ಲಿ ವರೋವಾ ನುಸಿ ಕಡಿಮೆಯಾಗುತ್ತದೆ ಅಂತ ಕೆಲವರು ಪ್ರಚಾರ ಮಾಡಿದರು, ಆಮೇಲೆ ನಡೆದ ಪರೀಕ್ಷೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಹಾಗಾಗಿ 'ಪ್ರಕೃತಿಗೆ ಬಿಟ್ಟುಬಿಡಿ, ಎಲ್ಲ ಸರಿಹೋಗುತ್ತೆ' ಅನ್ನುವವರ ಜೊತೆ ನಾವಿಲ್ಲ. ಪೆಟ್ಟಿಗೆಯ ಹತ್ತು ಫ್ರೇಮಿನಲ್ಲಿ ಎರಡೋ ಮೂರೋ ಹಾಳೆ ಇಲ್ಲದವು ಸಾಕು. ಅದೂ ವರ್ಷಕ್ಕೆ ಒಂದೆರಡು ಹಳೆ ಕಪ್ಪು ಎರಿ ತೆಗೆದು, ಅದರ ಜಾಗಕ್ಕೆ.

ಈಗ ಆಸರೆಯ ವಿಷಯ. ನಮಗೆ ನಿಜವಾಗಿ ಇಷ್ಟವಾದ ಭಾಗ ಇದು.

ಭಾಲ್ಕಿಯಲ್ಲಿ ಗೆಳೆಯನ ಓಣಿಯ ಬಡಿಗೇರರ ಹತ್ತಿರ ಆರು ಫ್ರೇಮ್ ಮಾಡಿಸಿದೆವು. ಮೇಲಿನ ಪಟ್ಟಿಯ ಕೆಳಬದಿ ಚಪ್ಪಟೆ ಇರಬಾರದು, ಮನೆ ಮಾಡಿನ ಹಾಗೆ ತಲೆಕೆಳಗಾದ ಏಣು ಇರಬೇಕು. ನೊಣಗಳು ಆ ಏಣಿನ ತುದಿಯಿಂದಲೇ ಎರಿ ಇಳಿಬಿಡುತ್ತವೆ, ಹಾಗಾಗಿ ಎರಿ ಚೌಕಟ್ಟಿನ ನಡುಮಧ್ಯೆ ಬರುತ್ತದೆ. ಬಡಿಗೇರ ಕಾಕಾ ಮೊದಲು ಒಪ್ಪಲಿಲ್ಲ. "ಹುಳಕ್ಕ ಇಷ್ಟ್ ನಾಜೂಕ್ ಯಾಕ್ ಬೇಕ್ರೋ?" ಅಂದರು. ಆಮೇಲೆ ಒಂದು ಮಾಡಿ ತೋರಿಸಿ ತಾವೇ ಖುಷಿಪಟ್ಟರು. ಇದನ್ನು ಮಾಡಿಸಲಾಗದಿದ್ದರೆ ಮೇಲಿನ ಪಟ್ಟಿಯ ಗಾಡಿಯಲ್ಲಿ ಐಸ್‌ಕ್ರೀಮ್ ಕಡ್ಡಿಗಳನ್ನು ಸಾಲಾಗಿ ಅಂಟಿಸಿದರೂ ನಡೆಯುತ್ತದೆ. ನಮ್ಮ ಕ್ಯಾಂಟೀನಿನಲ್ಲಿ ಕಚ್ಚಾ ಸಾಮಗ್ರಿಗೆ ಕೊರತೆ ಇಲ್ಲ.

ಆಮೇಲೆ ತಂತಿ. ಪಕ್ಕದ ಪಟ್ಟಿಗಳಲ್ಲಿ ತೂತು ಹಾಕಿ ಅಡ್ಡಡ್ಡ ನಾಲ್ಕು ಸಾಲು ತುಕ್ಕು ಹಿಡಿಯದ ತೆಳು ತಂತಿ, ಬೆರಳಲ್ಲಿ ಮೀಟಿದರೆ ಏಕತಾರಿಯ ಹಾಗೆ ಸದ್ದು ಬರುವಷ್ಟು ಬಿಗಿ. ನೊಣಗಳು ಎರಿ ಕಟ್ಟುತ್ತಾ ಇಳಿಯುವಾಗ ತಂತಿಯನ್ನು ಒಳಗೆ ಸೇರಿಸಿಕೊಂಡೇ ಕಟ್ಟುತ್ತವೆ. ಕಾಂಕ್ರೀಟಿನೊಳಗಿನ ಸರಳಿನ ಹಾಗೆ. ಈಗ ಎರಿ ಮೇಲಿನ ಅಂಚಿಗೆ ಮಾತ್ರ ಜೋತುಬಿದ್ದಿಲ್ಲ. ಭಾರ ನಾಲ್ಕು ಕಡೆ ಪಕ್ಕದ ಪಟ್ಟಿಗೂ ಹೋಗುತ್ತದೆ. ಮೇಣದಲ್ಲಿ ಒಂದು ಬಿರುಕು ಬಿಟ್ಟರೂ ಅದು ಮುಂದಿನ ತಂತಿಯವರೆಗೆ ಮಾತ್ರ. ತಂತಿ ಬೇಡ ಅನ್ನುವವರು ಬಿದಿರಿನ ಕಡ್ಡಿ ಹಾಕಬಹುದು. ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿವರೆಗೆ ಎರಡು ಕಡ್ಡಿ, ಚೌಕಟ್ಟನ್ನು ಮೂರು ಭಾಗ ಮಾಡುವ ಹಾಗೆ. ನೊಣಗಳು ಕಡ್ಡಿಯ ಎರಡೂ ಪಕ್ಕ ಮೇಣ ಬೆಸೆದುಕೊಳ್ಳುತ್ತವೆ. ಮರಿಯ ಎರಿಗೆ ಕಡ್ಡಿ ಚೆನ್ನ, ಯಂತ್ರಕ್ಕೆ ಹಾಕುವ ತುಪ್ಪದ ಎರಿಗೆ ತಂತಿ ಚೆನ್ನ. ಮೀನಿನ ಗಾಳದ ನೈಲಾನ್ ದಾರವನ್ನೂ ಕೆಲವರು ಹಾಕುತ್ತಾರಂತೆ. ಚೀಲದ ದಾರಕ್ಕೆ ಆದ ಗತಿ ನೋಡಿದ ಮೇಲೆ ನಮಗೆ ಧೈರ್ಯ ಬರಲಿಲ್ಲ.

ಆದರೆ ತಂತಿ ಕಟ್ಟಿದರೆ ಮುಗಿಯಲಿಲ್ಲ. ಕಾಕಾ ನಮಗಿಂತ ಮೊದಲೇ ಒಂದು ಪೆಟ್ಟಿಗೆಯಲ್ಲಿ ತಂತಿಯ ಖಾಲಿ ಫ್ರೇಮ್ ಇಟ್ಟು ನೋಡಿದ್ದರು, ಕೆಟ್ಟಿತ್ತು. ಎರಿ ಮೇಲೆ ತಂತಿಯ ಸಾಲಿನಲ್ಲೇ ಶುರುವಾಗಿ, ಕೆಳಗಿಳಿಯುತ್ತಾ ಓರೆಯಾಗಿ, ತುದಿಯಲ್ಲಿ ತಂತಿಯನ್ನು ಹೊರಗೇ ಬಿಟ್ಟು ಪಕ್ಕದ ಎರಿಗೆ ಅಂಟಿಕೊಂಡಿತ್ತು. "ಹುಳಕ್ಕ ತಂತಿ ಸೇರಲ್ಲ" ಅಂತ ಅವರು ತೀರ್ಮಾನಿಸಿದ್ದರು. ನಾವು ಪೆಟ್ಟಿಗೆಯ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟೆವು. ಗುಳ್ಳೆ ಒಂದು ಕಡೆ ಓಡಿಹೋಯಿತು. ಸ್ಟ್ಯಾಂಡಿನ ಒಂದು ಬದಿಯ ಕಲ್ಲು ಎರೆಮಣ್ಣಿನೊಳಗೆ ಕುಸಿದಿತ್ತು. ಔರಾದ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತೆ. ಮನೆಗಳನ್ನೇ ಸೀಳುವ ಮಣ್ಣು ನಾಲ್ಕು ಕಲ್ಲನ್ನು ಸುಮ್ಮನೆ ಬಿಡುತ್ತದೆಯೇ? ನೊಣಗಳು ತಮ್ಮ ಮೈಭಾರದಿಂದಲೇ ನೆಲದ ಕಡೆ ಯಾವುದು ಅಂತ ತಿಳಿಯುತ್ತವೆ. ಕಾಲಿಗೆ ಕಾಲು ಕೊಂಡಿ ಹಾಕಿ ಸರಪಳಿಯಾಗಿ ಜೋತುಬಿದ್ದು ಕಟ್ಟುತ್ತವೆ, ಗೌಂಡಿಯ ತೂಗುಗುಂಡಿನ ಹಾಗೆ. ಅವು ನೇರವಾಗಿಯೇ ಕಟ್ಟಿದ್ದವು. ಓರೆ ಇದ್ದದ್ದು ಪೆಟ್ಟಿಗೆ.

ಆದ್ದರಿಂದ ಹಾಳೆ ಇಲ್ಲದ ಫ್ರೇಮಿಗೆ ಮೊದಲ ಸಲಕರಣೆ ಲೆವೆಲ್ಲು. ಎಡ-ಬಲ ಮಟ್ಟವಾಗಿರಲೇಬೇಕು. ಮುಂದಕ್ಕೆ ಸ್ವಲ್ಪ ಇಳಿಜಾರಿದ್ದರೆ ಪರವಾಗಿಲ್ಲ, ಮಳೆನೀರು ಹರಿದುಹೋಗುತ್ತದೆ. ಕಲ್ಲಿನ ಕೆಳಗೆ ಮುರಂ ಹಾಸಿ ಧಮ್ಮಸ್ ಮಾಡಿ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಿ. ಖಾಲಿ ಫ್ರೇಮನ್ನು ಯಾವಾಗಲೂ ನೇರವಾಗಿ ಕಟ್ಟಿ ಮುಗಿದ ಎರಡು ಎರಿಗಳ ನಡುವೆ ಇಡಿ. ಎರಡು ಗೋಡೆಯ ನಡುವೆ ಮೂರನೆಯದು ಸೊಟ್ಟಗಾಗಲು ಜಾಗವೇ ಇರುವುದಿಲ್ಲ. ಎತ್ತುವುದು ಬೆಳಗಿನ ಹೊತ್ತು, ತಂಪಿದ್ದಾಗ. ಇನ್ನೊಂದು ಮುಖ ನೋಡಬೇಕಾದರೆ ಮಲಗಿಸದೆ, ಒಂದು ತುದಿ ಮೇಲೆತ್ತಿ ಮೇಲಿನ ಪಟ್ಟಿಯನ್ನು ಕಂಬದ ಹಾಗೆ ನಿಲ್ಲಿಸಿ, ಪುಸ್ತಕದ ಪುಟದ ಥರ ತಿರುಗಿಸಿ, ಮತ್ತೆ ಇಳಿಸಿ. ಇದನ್ನು ಖಾಲಿ ಫ್ರೇಮಿನಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿ ಆಮೇಲೆ ಪೆಟ್ಟಿಗೆಗೆ ಕೈ ಹಾಕಿ. ನಮಗೆ ಯಾರೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ, ಅದು ಬೇರೆ ಮಾತು.

ತುಪ್ಪ ತೆಗೆಯುವ ಯಂತ್ರದ್ದು ಇನ್ನೊಂದು ಲೆಕ್ಕ. ಎರಿ ಕೇಂದ್ರದಿಂದ 25 ಸೆಂಮೀ ದೂರದಲ್ಲಿದ್ದು ಡ್ರಮ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಎರಿಗೆ ಬೀಳುವ ಬಲ ಗುರುತ್ವದ 25 ಪಟ್ಟು. ಎರಡು ಕಿಲೋಗಿಂತ ಕಡಿಮೆ ತೂಗುವ ಎರಿಗೆ 45 ಕಿಲೋ ಹೇರಿದ ಹಾಗೆ. ನಿಮಿಷಕ್ಕೆ 100 ಸುತ್ತಾದರೆ ಮೂರು ಪಟ್ಟಿಗಿಂತ ಕಡಿಮೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಹಾಗಾಗಿ ನಿಧಾನ ತಿರುಗಿಸಿ ಅರ್ಧ ತುಪ್ಪ ತೆಗೆದು, ಮಗ್ಗುಲು ಬದಲಿಸಿ, ಎರಿ ಹಗುರಾದ ಮೇಲೆ ವೇಗ ಹೆಚ್ಚಿಸಬೇಕು. ತಂತಿ ಇಲ್ಲದ ಹೊಸ ಎರಿಯನ್ನು ಯಂತ್ರಕ್ಕೆ ಹಾಕಲೇಬೇಡಿ, ಕೊಯ್ದು ಹಾಗೇ ತಿನ್ನಿ.

ನಮ್ಮ ಪ್ರಾಜೆಕ್ಟಿಗೆ ಮಾರ್ಕ್ಸ್ ಚೆನ್ನಾಗಿಯೇ ಬಂತು. ವೈವಾದಲ್ಲಿ ಸೆನ್ಸರ್ ಬಗ್ಗೆ ಎಂಟು ಪ್ರಶ್ನೆ, ಜೇನಿನ ಬಗ್ಗೆ ಒಂದೂ ಇಲ್ಲ. ನಮ್ಮ ಲೋಡ್ ಸೆಲ್ ಪೆಟ್ಟಿಗೆಯ ತೂಕ ಇಳಿದರೆ ಮೆಸೇಜ್ ಕಳಿಸುತ್ತದೆ. ಎರಿ ಒಳಗೇ ಕುಸಿದು ಬಿದ್ದರೆ ಪೆಟ್ಟಿಗೆಯ ತೂಕ ಇಳಿಯುವುದಿಲ್ಲ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಇದನ್ನು ನಾವು ರಿಪೋರ್ಟಿನಲ್ಲಿ ಬರೆಯಲಿಲ್ಲ, ಇಲ್ಲಿ ಬರೆಯುತ್ತಿದ್ದೇವೆ. ನಾಲ್ಕು ಸಾಲು ತಂತಿ, ನಾಲ್ಕು ಬೊಗಸೆ ಮುರಂ, ಒಂದು ಲೆವೆಲ್ಲು: ಕಾಕಾಗೆ ಬೇಕಿದ್ದದ್ದು ಇಷ್ಟು. ನಾವು ಒಯ್ದದ್ದು ವೈಫೈ. ನಮ್ಮ ಡಿಪಾರ್ಟ್‌ಮೆಂಟುಗಳಲ್ಲಿ ರೈತರಿಗೆ ಅಂತ ಮಾಡುವ ಪ್ರಾಜೆಕ್ಟುಗಳಲ್ಲಿ ಬಹಳಷ್ಟು ಹೀಗೇ ಅಂತ ನಮ್ಮ ಅನುಮಾನ. ಮೊದಲೇ ಪಾರ್ಟ್ಸ್ ಆರ್ಡರ್ ಮಾಡಿ, ಆಮೇಲೆ ಹೊಲ ಹುಡುಕುತ್ತೇವೆ.

ಭಾಲ್ಕಿಯ ಗೆಳೆಯ ಒಂದು ಮಾತು ಸೇರಿಸಲೇಬೇಕು ಅಂತ ಹಟ ಹಿಡಿದಿದ್ದಾನೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಚೌಕಟ್ಟು ಯಾರದಾದರೂ ಇರಲಿ, ಒಳಗೆ ನಮ್ಮದನ್ನು ನಾವು ಕಟ್ಟಿಕೊಳ್ಳಬಹುದು ಅಂತ ಅವನ ವಾದ. ಹೋಲಿಕೆ ಸ್ವಲ್ಪ ಜಗ್ಗಿದ ಹಾಗಿದೆ ಅಂತ ಉಳಿದಿಬ್ಬರ ಅಭಿಪ್ರಾಯ. ಆದರೂ ಅವನು ಫ್ರೇಮಿನ ಖರ್ಚು ಕೊಟ್ಟವನು, ಹಾಗಾಗಿ ಇರಲಿ.

ಎರಿ ಕಟ್ಟುವುದಕ್ಕೆ ಹೂವು ಬೇಕು. ಬೇಸಿಗೆಯಲ್ಲಿ ಖಾಲಿ ಫ್ರೇಮ್ ಇಟ್ಟರೆ ಇದ್ದ ತುಪ್ಪವನ್ನೂ ಮೇಣಕ್ಕೆ ಕಳೆದುಕೊಳ್ಳುತ್ತವೆ, ಕಟ್ಟಿದ್ದೂ ಮೆತ್ತಗೆ. ನಮ್ಮಲ್ಲಿ ಸರಿಯಾದ ಹೊತ್ತು ತೊಗರಿ ಹೂವಿನದು. ಆಗ ಚಳಿ ಶುರುವಾಗಿರುತ್ತದೆ, ಹಿಂದೆಯೇ ಕುಸುಬೆ ಬರುತ್ತದೆ, ಏಪ್ರಿಲ್ ಬರುವಷ್ಟರಲ್ಲಿ ಎರಿಯಲ್ಲಿ ಎರಡು ಮೂರು ತಲೆಮಾರು ಮರಿ ಬೆಳೆದು ಗೋಡೆ ಗಟ್ಟಿಯಾಗಿರುತ್ತದೆ. ಭಾಲ್ಕಿಯ ಆರು ಫ್ರೇಮಿಗೆ ಆಸರೆ ಕಟ್ಟಿ ಇಟ್ಟಿದ್ದೇವೆ, ಮೂರಕ್ಕೆ ತಂತಿ, ಮೂರಕ್ಕೆ ಬಿದಿರು, ಯಾವುದು ತಡೆಯುತ್ತೆ ನೋಡೋಣ ಅಂತ. ಔಷಧ ಹೊಡೆಯುವ ದಿನ ಮೊದಲೇ ತಿಳಿಸಿ, ಸಂಜೆ ಹೊಡೆಯಿರಿ ಅಂತ ಪಕ್ಕದ ಹೊಲದವರನ್ನು ಕಾಕಾ ಕೇಳಿಕೊಂಡಿದ್ದಾರೆ. ಅವರು "ನೋಡಮು" ಅಂದಿದ್ದಾರೆ.

ನವೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಔರಾದಿಗೆ ಹೊರಡುತ್ತೇವೆ. ಬರುವವರು ಕ್ಲಬ್ಬಿನ ಗ್ರೂಪಿನಲ್ಲಿ ಹೆಸರು ಹಾಕಿ. ಸೆಂಟು ಹಚ್ಚಿಕೊಂಡು ಬರಬೇಡಿ, ಕಪ್ಪು ಟೀಶರ್ಟ್ ಬೇಡ. ಯಾರ ಮನೆಯಲ್ಲಾದರೂ ಸ್ಪಿರಿಟ್ ಲೆವೆಲ್ ಇದ್ದರೆ ದಯವಿಟ್ಟು ತನ್ನಿ, ನಮ್ಮ ಹತ್ತಿರ ಇದ್ದದ್ದನ್ನು ಸರ್ವೆ ಲ್ಯಾಬಿನವರು ವಾಪಸ್ ಇಸಿದುಕೊಂಡಿದ್ದಾರೆ.